ವಿಮಾನ ಒಂದು ಗಂಟೆ, ರೈಲು ಐದು ಗಂಟೆ: ಕೋಲಾರದಿಂದ ಹೊರಟವರಿಗೆ ಈ ಲೆಕ್ಕ ಸರಿಯೇ?

ಸಂಕ್ಷಿಪ್ತವಾಗಿ

ಬೆಂಗಳೂರಿನಿಂದ ಚೆನ್ನೈಗೆ ವಿಮಾನದಲ್ಲಿ ಒಂದು ಗಂಟೆ ಸಾಕು, ರೈಲಿನಲ್ಲಿ ಐದು ಗಂಟೆ ಬೇಕು, ದರವೂ ಈಗ ಹೆಚ್ಚುಕಡಿಮೆ ಒಂದೇ, ಹಾಗಿರುವಾಗ ರೈಲು ಯಾಕೆ ಎಂಬ ಮಾತು ಮೊಬೈಲಿನಲ್ಲಿ ಆಗಾಗ ಹರಿದಾಡುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಮನೆಯಿರುವವರ ಕಡೆಯಿಂದ ನಾವು ಈ ಮಾತನ್ನು ಪರಿಶೀಲಿಸಿದೆವು. ಮನೆಯ ಹೊಸ್ತಿಲಿನಿಂದ ಲೆಕ್ಕ ಹಾಕಿದರೆ ನಾಲ್ಕು ಗಂಟೆಯ ವ್ಯತ್ಯಾಸ ಅರ್ಧ ಗಂಟೆಗೆ ಇಳಿಯುತ್ತದೆ. ಹೀಗಾಗಿ ಈ ಹೇಳಿಕೆ ಅರ್ಧಸತ್ಯ. ದೆಹಲಿ, ಕೋಲ್ಕತ್ತದಂಥ ದೂರದ ಊರುಗಳಿಗೆ ಮಾತ್ರ ವಿಮಾನ ನಿಜವಾಗಿಯೂ ಸಮಯ ಉಳಿಸುತ್ತದೆ.

ಹೇಳಿಕೆ ಏನು?

ಇಂಥ ಸಂದೇಶಗಳು ಹಲವು ರೂಪದಲ್ಲಿ ಬರುತ್ತವೆ. ಕೆಲವು ಸಮಯದ ಬಗ್ಗೆ, ಕೆಲವು ದರದ ಬಗ್ಗೆ. ಇನ್ನು ಕೆಲವು "ರೈಲೂ ಕಲ್ಲಿದ್ದಲಿನ ಕರೆಂಟಿನಲ್ಲೇ ಓಡುವುದು, ಪರಿಸರದ ಮಾತೆಲ್ಲ ಸುಳ್ಳು" ಎನ್ನುತ್ತವೆ. ಹಿರಿಯ ನಾಗರಿಕರ ರೈಲು ರಿಯಾಯಿತಿ ಮತ್ತೆ ಬಂದಿದೆ ಎಂಬ ಸಂದೇಶವಂತೂ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಸುತ್ತು ಹೊಡೆಯುತ್ತದೆ. ಒಂದೊಂದನ್ನೇ ನೋಡೋಣ.

ವಿಮಾನದಲ್ಲಿ ನಿಜಕ್ಕೂ ಒಂದೇ ಗಂಟೆಯೇ?

ಟಿಕೆಟ್ ಮೇಲೆ ಬರೆದಿರುವುದು ವಿಮಾನ ಹೊರಡುವ ಮತ್ತು ಇಳಿಯುವ ಹೊತ್ತು ಮಾತ್ರ. ನಮ್ಮ ಪ್ರಯಾಣ ಮನೆ ಬಿಟ್ಟಾಗ ಶುರುವಾಗಿ, ಸೇರಬೇಕಾದ ಮನೆಯನ್ನೋ ಆಸ್ಪತ್ರೆಯನ್ನೋ ಮುಟ್ಟಿದಾಗ ಮುಗಿಯುತ್ತದೆ. ಕೋಲಾರ ಪಟ್ಟಣದಿಂದ ಚೆನ್ನೈ ನಗರಕ್ಕೆ ಹೊರಟ ಒಬ್ಬರ ಲೆಕ್ಕ ಹೀಗಿರುತ್ತದೆ.

ವಿಮಾನದಲ್ಲಿ: ಕೋಲಾರದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 70 ಕಿ.ಮೀ. ಟ್ರಾಫಿಕ್ ಇಲ್ಲದಿದ್ದರೂ ಒಂದೂಮುಕ್ಕಾಲು ಗಂಟೆ ಇಟ್ಟುಕೊಳ್ಳಬೇಕು. ಲಗೇಜ್ ಕೊಡುವ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಅದಕ್ಕೂ ಮೊದಲು ಸರತಿ ಇರುತ್ತದೆ, ಅದಾದ ಮೇಲೆ ಭದ್ರತಾ ತಪಾಸಣೆ. ಅಲ್ಲಿಗೆ ಇನ್ನೊಂದು ಒಂದೂಮುಕ್ಕಾಲು ಗಂಟೆ. ಹಾರಾಟ ಸುಮಾರು ಒಂದು ಗಂಟೆ. ಇಳಿದು, ಬ್ಯಾಗಿಗೆ ಕಾದು, ಹೊರಬರಲು ಅರ್ಧ ಗಂಟೆ. ಮೀನಂಬಾಕ್ಕಂನಿಂದ ಚೆನ್ನೈ ನಗರದ ಒಳಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಒಟ್ಟು ಹತ್ತಿರಹತ್ತಿರ ಆರು ಗಂಟೆ.

ರೈಲಿನಲ್ಲಿ: ಕೋಲಾರದಿಂದ ಬಂಗಾರಪೇಟೆಗೆ ಬಸ್ಸಿನಲ್ಲೋ ಆಟೋದಲ್ಲೋ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಅರ್ಧ ಗಂಟೆ ಮುಂಚೆ ನಿಲ್ದಾಣದಲ್ಲಿದ್ದರೆ ಸಾಕು. ಬಂಗಾರಪೇಟೆಯಿಂದ ಚೆನ್ನೈಗೆ ಸುಮಾರು 290 ಕಿ.ಮೀ. ಬೃಂದಾವನ ಎಕ್ಸ್‌ಪ್ರೆಸ್‌ನಂಥ ಹಗಲಿನ ರೈಲಿನಲ್ಲಿ ಐದು ಗಂಟೆಯ ಆಸುಪಾಸು. ಸೆಂಟ್ರಲ್ ನಿಲ್ದಾಣ ನಗರದ ನಡುವೆಯೇ ಇದೆ, ಮೆಟ್ರೊ ಪಕ್ಕದಲ್ಲೇ ಸಿಗುತ್ತದೆ. ಅಲ್ಲಿಂದ ಇಪ್ಪತ್ತು ನಿಮಿಷ. ಒಟ್ಟು ಸುಮಾರು ಆರೂವರೆ ಗಂಟೆ.

ವ್ಯತ್ಯಾಸ ಅರ್ಧ ಗಂಟೆ ಮಾತ್ರ. ರೈಲು ಒಂದು ದಿನ ತಡವಾದರೆ ಅದು ಹೆಚ್ಚಬಹುದು. ಹೊಸಕೋಟೆ ದಾರಿಯಲ್ಲಿ ಲಾರಿಗಳು ಸಾಲುಗಟ್ಟಿದರೆ ವಿಮಾನವೇ ತಪ್ಪಿಹೋಗಬಹುದು.

ಇನ್ನೊಂದು ವಿಷಯ ಗಡಿಯಾರಕ್ಕೆ ಕಾಣಿಸುವುದಿಲ್ಲ. ವಿಮಾನದ ಆರು ಗಂಟೆ ತುಂಡು ತುಂಡಾಗಿರುತ್ತದೆ: ಕಾರು, ಸರತಿ, ತಪಾಸಣೆ, ಕಾಯುವ ಕುರ್ಚಿ, ಹಾರಾಟ, ಬ್ಯಾಗಿನ ಬೆಲ್ಟು, ಮತ್ತೆ ಕಾರು. ಒಂದರಲ್ಲೂ ನೆಮ್ಮದಿಯಾಗಿ ಒಂದು ಗಂಟೆ ಕೂರಲಾಗದು. ರೈಲಿನಲ್ಲಿ ಐದು ಗಂಟೆ ಒಂದೇ ಸೀಟು, ಒಂದೇ ಕಿಟಕಿ. ಓದಬಹುದು, ಮಲಗಬಹುದು, ಮನೆಯಿಂದ ತಂದ ಚಿತ್ರಾನ್ನದ ಡಬ್ಬಿ ಬಿಚ್ಚಬಹುದು, ಮಗುವನ್ನು ಬೋಗಿಯಲ್ಲಿ ಓಡಾಡಿಸಬಹುದು. ರೈಲು ಇಷ್ಟಪಡುವವರು ಹೇಳುವ "ಆರಾಮ" ಅಂದರೆ ಇದೇ. ಅದು ಹಳೆಯ ಕಾಲದ ಮೋಹವಲ್ಲ, ಕೈಗೆ ಸಿಗುವ ಇಡಿಯಾದ ಹೊತ್ತು.

ನಾಲ್ಕು ಊರು, ನಾಲ್ಕು ಲೆಕ್ಕ

ಮೇಲಿನ ಲೆಕ್ಕ ಕೋಲಾರ ಪಟ್ಟಣದ್ದು. ಜಿಲ್ಲೆಯ ಎಲ್ಲರಿಗೂ ಅದೇ ಅನ್ವಯಿಸುವುದಿಲ್ಲ. ರೈಲು ಚೆನ್ನಾಗಿದೆ ಎಂದು ಹೇಳುವವರು ಇದನ್ನು ಮರೆಯುವುದುಂಟು.

ಮಾಲೂರು: ಈ ನಾಲ್ಕರಲ್ಲಿ ರೈಲಿನ ಮಟ್ಟಿಗೆ ಅದೃಷ್ಟದ ಊರು. ಮದ್ರಾಸಿನ ಕಡೆಯಿಂದ ಜೋಲಾರ್‌ಪೇಟೆ ಮೂಲಕ ಬೆಂಗಳೂರು ದಂಡಿಗೆ 1864ರಲ್ಲಿ ಬಂದ ರೈಲುದಾರಿ ಮಾಲೂರಿನ ಮೇಲೆಯೇ ಹಾದುಹೋಗುತ್ತದೆ. ಮಾರಿಕುಪ್ಪಂ, ಬಂಗಾರಪೇಟೆ, ಟೇಕಲ್, ಮಾಲೂರಿನಿಂದ ಸಾವಿರಾರು ಜನ ದಿನವೂ ಇದೇ ದಾರಿಯಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಆದರೆ ದೂರದ ಎಕ್ಸ್‌ಪ್ರೆಸ್‌ಗಳಲ್ಲಿ ಹಲವು ಇಲ್ಲಿ ನಿಲ್ಲುವುದಿಲ್ಲ. ಬಂಗಾರಪೇಟೆಗೋ ಕೃಷ್ಣರಾಜಪುರಕ್ಕೋ ಹೋಗಿ ಹತ್ತಬೇಕಾಗುತ್ತದೆ.

ಕೋಲಾರ: ಪಟ್ಟಣದಲ್ಲಿ ನಿಲ್ದಾಣವಿದೆ, ಆದರೆ ಅದು ಮುಖ್ಯ ದಾರಿಯಲ್ಲಿಲ್ಲ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೂಲಕ ಯಲಹಂಕ ಸೇರುವ ದಾರಿ ಶತಮಾನದ ಹಿಂದೆ ನ್ಯಾರೋಗೇಜ್ ಆಗಿ ಶುರುವಾದದ್ದು. ಚಿಕ್ಕಬಳ್ಳಾಪುರ–ಕೋಲಾರ ನಡುವಿನ ಭಾಗ ಬ್ರಾಡ್‌ಗೇಜ್ ಆಗಿ ರೈಲು ಓಡತೊಡಗಿದ್ದು 2013ರಲ್ಲಿ. ಈ ದಾರಿಯಲ್ಲಿ ರೈಲುಗಳು ಕಡಿಮೆ. ಹಾಗಾಗಿ ಕೋಲಾರದವರ ನಿಜವಾದ ರೈಲು ನಿಲ್ದಾಣ ಬಂಗಾರಪೇಟೆಯೇ.

ಶ್ರೀನಿವಾಸಪುರ: ಇಲ್ಲಿ ಒಂದು ಸ್ವಾರಸ್ಯವಿದೆ. ಊರಿನ ಮೇಲೆ ಹಾಯುವ ಹಳಿ ದೇವನಹಳ್ಳಿಯ ಕಡೆಗೇ ಹೋಗುತ್ತದೆ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಬಳಿ ಇದೇ ದಾರಿಯಲ್ಲಿ ಒಂದು ಹಾಲ್ಟ್ ನಿಲ್ದಾಣ ಶುರುವಾಯಿತು. ಅಂದರೆ ವಿಮಾನ ಹತ್ತುವವರೂ ಅಲ್ಲಿಯವರೆಗೆ ರೈಲಿನಲ್ಲಿ ಹೋಗುವುದಕ್ಕೆ ಹಳಿ ಇದೆ. ನಿಮ್ಮ ವಿಮಾನದ ಹೊತ್ತಿಗೆ ಹೊಂದುವ ರೈಲು ಇದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಇದು ಮಾವಿನ ಊರು, ಆದ್ದರಿಂದ ಲಗೇಜಿನ ಮಾತೂ ಇಲ್ಲೇ ಬರಲಿ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್‌ಗೆ 15 ಕೆ.ಜಿ. ಲಗೇಜ್, ಕೈಚೀಲ 7 ಕೆ.ಜಿ. ರೈಲಿನಲ್ಲಿ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಗೆ ಒಬ್ಬರಿಗೆ 40 ಕೆ.ಜಿ., ಎರಡನೇ ದರ್ಜೆ ಎಸಿಗೆ 50 ಕೆ.ಜಿ. ಉಚಿತ. ಮಗಳ ಮನೆಗೆ ಎರಡು ಪೆಟ್ಟಿಗೆ ಬಾದಾಮಿ ಮಾವು ಒಯ್ಯುವವರಿಗೆ ಟಿಕೆಟ್ ದರದ ಹೋಲಿಕೆ ಇಲ್ಲೇ ತಿರುಗಿಬೀಳುತ್ತದೆ. ವಿಮಾನದಲ್ಲಿ ಮಿತಿ ಮೀರಿದ ಪ್ರತಿ ಕಿಲೋಗೂ ಬೇರೆ ಹಣ ಕೊಡಬೇಕು.

ಮುಳಬಾಗಿಲು: ಇಲ್ಲಿ ರೈಲು ನಿಲ್ದಾಣವೇ ಇಲ್ಲ. ಹೆದ್ದಾರಿ ಇದೆ, ಬಸ್ಸಿದೆ. ಕೋಲಾರಕ್ಕೆ ಸುಮಾರು 30 ಕಿ.ಮೀ. ಬಂದು, ಅಲ್ಲಿಂದ ಬಂಗಾರಪೇಟೆಗೆ ಹೋಗಿ ರೈಲು ಹತ್ತಬೇಕು. ತಿರುಪತಿಗೆ ಹೋಗುವ ಮುಳಬಾಗಿಲಿನವರಿಗೆ ಪಲಮನೇರು, ಚಿತ್ತೂರಿನ ದಾರಿಯ ಬಸ್ಸೇ ನೇರ. ಅವರಿಗೆ "ರೈಲಿನಲ್ಲೇ ಹೋಗಿ" ಎಂದು ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ. ಜನ ತುಂಬಿದ ಬಸ್ಸು ಕೂಡ ತಲಾ ಲೆಕ್ಕದಲ್ಲಿ ಕಾರು, ವಿಮಾನಗಳಿಗಿಂತ ಬಹಳ ಕಡಿಮೆ ಇಂಧನ ಸುಡುತ್ತದೆ.

ವಿಮಾನ, ರೈಲಿನ ದರ ಒಂದೇನಾ?

ಕೆಲವೊಮ್ಮೆ ಹೌದು. ವಿಮಾನದ ದರ ಸೀಟು ತುಂಬಿದಂತೆ, ದಿನ ಹತ್ತಿರವಾದಂತೆ ಏರಿಳಿಯುತ್ತದೆ. ತಿಂಗಳುಗಳ ಮೊದಲೇ ಸಿಕ್ಕ ಅಗ್ಗದ ದರದ ಸ್ಕ್ರೀನ್‌ಶಾಟ್ ನೋಡಿ ದೀಪಾವಳಿಯ ಹಿಂದಿನ ದಿನದ ಟಿಕೆಟ್ ಊಹಿಸಬೇಡಿ. ರೈಲಿನ ಸ್ಲೀಪರ್ ಅಥವಾ ಎರಡನೇ ದರ್ಜೆ ಸೀಟಿನ ದರ ಬಹುತೇಕ ರೈಲುಗಳಲ್ಲಿ ದೂರಕ್ಕೆ ತಕ್ಕಂತೆ ನಿಗದಿಯಾಗಿರುತ್ತದೆ. ಎರಡು ತಿಂಗಳು ಮೊದಲು ಕೊಂಡರೂ ಒಂದು ವಾರ ಮೊದಲು ಕೊಂಡರೂ ಅದೇ ದರ. ತತ್ಕಾಲ್‌ಗೆ ಮಾತ್ರ ಹೆಚ್ಚುವರಿ ಶುಲ್ಕವಿದೆ.

ಹೋಲಿಸುವಾಗ ಇನ್ನೊಂದನ್ನು ಸೇರಿಸಿ: ಮನೆಯಿಂದ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ, ಆ ಕಡೆ ಇಳಿದ ಮೇಲೆ ಮತ್ತೊಂದು ಟ್ಯಾಕ್ಸಿ. ನಾಲ್ಕು ಜನರ ಕುಟುಂಬವಾದರೆ ಟ್ಯಾಕ್ಸಿ ಖರ್ಚು ಹಂಚಿಹೋಗುತ್ತದೆ, ಆದರೆ ಟಿಕೆಟ್ ಖರ್ಚು ನಾಲ್ಕರಷ್ಟಾಗುತ್ತದೆ.

ರೈಲಿನ ನಿಜವಾದ ತೊಂದರೆ ದರವಲ್ಲ, ಸೀಟು ಸಿಗದಿರುವುದು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹಬ್ಬದ ದಿನಗಳಿಗೆ ಆ 60ನೇ ದಿನವೇ ಬುಕ್ ಮಾಡುವುದು ಒಳ್ಳೆಯದು. ಆನ್‌ಲೈನ್‌ನಲ್ಲಿ ಕೊಂಡ ವೇಟಿಂಗ್ ಲಿಸ್ಟ್ ಟಿಕೆಟ್ ಚಾರ್ಟ್ ಆದ ಮೇಲೂ ಖಚಿತವಾಗದಿದ್ದರೆ ತಾನಾಗಿ ರದ್ದಾಗಿ ಹಣ ವಾಪಸ್ ಬರುತ್ತದೆ. ಅದನ್ನು ಹಿಡಿದು ರೈಲು ಹತ್ತುವಂತಿಲ್ಲ.

ಆಸ್ಪತ್ರೆಗೆ ಹೋಗುವವರು ತಿಳಿಯಬೇಕಾದ ರಿಯಾಯಿತಿ

ನಮ್ಮ ಭಾಗದಲ್ಲಿ ಈ ಆಯ್ಕೆ ಬರಿ ಪ್ರವಾಸದ ಪ್ರಶ್ನೆಯಲ್ಲ. ಕೋಲಾರ ಜಿಲ್ಲೆಯಿಂದ ಚಿಕಿತ್ಸೆಗೆಂದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ, ಚೆನ್ನೈನ ಆಸ್ಪತ್ರೆಗಳಿಗೆ ಹೋಗುವವರು ಬಹಳ. ವೆಲ್ಲೂರಿಗೆ ಹತ್ತಿರದ ದೊಡ್ಡ ನಿಲ್ದಾಣ ಕಟ್ಪಾಡಿ. ಬಂಗಾರಪೇಟೆಯಿಂದ ಅದು ಸುಮಾರು 160 ಕಿ.ಮೀ. ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡೂವರೆ ಗಂಟೆಯ ಆಸುಪಾಸು. ವಿಮಾನದಲ್ಲಿ ಚೆನ್ನೈಗೆ ಹೋದವರು ಅಲ್ಲಿಂದ ನೂರಕ್ಕೂ ಹೆಚ್ಚು ಕಿ.ಮೀ. ಹಿಂದಕ್ಕೆ ಬರಬೇಕು!

ಮೈಸೂರು–ಚೆನ್ನೈ ವಂದೇ ಭಾರತ್ ರೈಲು 2022ರ ನವೆಂಬರ್ 11ರಂದು ಶುರುವಾಯಿತು. ಅದು ಕಟ್ಪಾಡಿಯಲ್ಲಿ ನಿಲ್ಲುತ್ತದೆ, ಆದರೆ ಕೋಲಾರ ಜಿಲ್ಲೆಯ ಮೇಲೆ ನಿಲ್ಲದೆ ಸಾಗುತ್ತದೆ. ಅದರ ವೇಗ ತೋರಿಸಿ "ರೈಲು ನಾಲ್ಕೂವರೆ ಗಂಟೆಯಲ್ಲೇ ಚೆನ್ನೈ ಸೇರುತ್ತದೆ" ಎನ್ನುವ ಸಂದೇಶ ಬೆಂಗಳೂರಿನವರಿಗೆ ಸರಿ. ಬಂಗಾರಪೇಟೆಯಲ್ಲಿ ಹತ್ತುವವರು ಬೇರೆ ರೈಲು ನೋಡಿಕೊಳ್ಳಬೇಕು.

ಈಗ ಆ ಹಳೆಯ ಫಾರ್ವರ್ಡ್: "ಹಿರಿಯ ನಾಗರಿಕರ ರಿಯಾಯಿತಿ ಮತ್ತೆ ಜಾರಿ." 2020ರ ಮಾರ್ಚ್‌ಗೂ ಮೊದಲು 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಕೋವಿಡ್ ಹೊತ್ತಿನಲ್ಲಿ ಅದು ನಿಂತಿತು. ಮತ್ತೆ ಬಂದಿದೆ ಎಂಬ ಸಂದೇಶಗಳನ್ನು ಕೇಂದ್ರ ಸರ್ಕಾರದ ಪಿಐಬಿ ಸತ್ಯಪರಿಶೀಲನಾ ವಿಭಾಗ ಸುಳ್ಳೆಂದು ಹೇಳಿದೆ.

ಈ ಸುಳ್ಳು ಸುದ್ದಿಯ ಗದ್ದಲದಲ್ಲಿ ಒಂದು ನಿಜ ಸುದ್ದಿ ಮುಳುಗಿಹೋಗುತ್ತದೆ. ರೋಗಿಗಳ ರಿಯಾಯಿತಿ ನಿಂತಿಲ್ಲ. ನಾಲ್ಕು ಬಗೆಯ ಅಂಗವಿಕಲರಿಗೆ, 11 ಬಗೆಯ ರೋಗಿಗಳಿಗೆ ಮತ್ತು ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನು ರೈಲ್ವೆ ಉಳಿಸಿಕೊಂಡಿತು. ಚಿಕಿತ್ಸೆಗೋ ತಪಾಸಣೆಗೋ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ ಶೇ 75 ಕಡಿತ. ಹೃದಯ ಶಸ್ತ್ರಚಿಕಿತ್ಸೆಗೆ, ಮೂತ್ರಪಿಂಡದ ಕಸಿ ಅಥವಾ ಡಯಾಲಿಸಿಸ್‌ಗೆ ಹೋಗುವವರಿಗೂ ದೊಡ್ಡ ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯ ವೈದ್ಯರು ನಿಗದಿತ ನಮೂನೆಯಲ್ಲಿ ಸಹಿ ಮಾಡಿದ ಪ್ರಮಾಣಪತ್ರ ಬೇಕು. ಅದನ್ನು ನಿಲ್ದಾಣದ ರಿಸರ್ವೇಶನ್ ಕೌಂಟರ್‌ನಲ್ಲಿ ಕೊಟ್ಟು ಟಿಕೆಟ್ ಪಡೆಯಬೇಕು. ಕೊನೆಯ ಗಳಿಗೆಯ ಓಡಾಟ ಬೇಡವೆಂದರೆ ಆಸ್ಪತ್ರೆಗೆ ಹೋದ ಮೊದಲ ಸಲವೇ ಮುಂದಿನ ಪ್ರಯಾಣಕ್ಕೆ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ.

ಕೆಳಗಿನ ಬರ್ತ್ ಸೌಲಭ್ಯವೂ ಇದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು, ಗರ್ಭಿಣಿಯರಿಗೆ ಕೆಲವು ಕೆಳಗಿನ ಬರ್ತ್‌ಗಳನ್ನು ಮೀಸಲಿಟ್ಟಿರುತ್ತಾರೆ. ಬುಕ್ ಮಾಡುವಾಗ ಅಜ್ಜಿಯ ವಯಸ್ಸನ್ನು ಅಂದಾಜಿನಲ್ಲಿ ಹಾಕದೆ ಆಧಾರ್‌ನಲ್ಲಿ ಇರುವಂತೆಯೇ ಹಾಕಿ.

"ರೈಲೂ ಕಲ್ಲಿದ್ದಲಿನಿಂದಲೇ ಓಡುತ್ತದೆ" – ಹಾಗಾದರೆ ಪರಿಸರಕ್ಕೆ ಏನು ಲಾಭ?

ಈ ಮಾತಿನ ಮೊದಲ ಅರ್ಧ ನಿಜ. ದೇಶದ ಬ್ರಾಡ್‌ಗೇಜ್ ದಾರಿಗಳ ಬಹುಪಾಲು ವಿದ್ಯುದೀಕರಣವಾಗಿದೆ, ಮತ್ತು ದೇಶದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಆದರೆ ಒಂದು ರೈಲಿನಲ್ಲಿ ಎಷ್ಟು ಜನ ಹೋಗುತ್ತಾರೆ ಎಂಬುದನ್ನು ಈ ಮಾತು ಮರೆಮಾಡುತ್ತದೆ.

ಲೆಕ್ಕ ಸರಳ. ಒಂದು ಉದ್ದದ ಪ್ರಯಾಣಿಕ ರೈಲು ಒಂದು ಕಿ.ಮೀ. ಓಡಲು 30 ಯೂನಿಟ್ ವಿದ್ಯುತ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ನಮ್ಮ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಕಿ.ಮೀ.ಗೆ 21 ಕೆ.ಜಿ. ಕೇಳಲು ದೊಡ್ಡದೆನಿಸುತ್ತದೆ. ಆದರೆ ಆ ರೈಲಿನಲ್ಲಿ ಸಾವಿರ ಜನರಿದ್ದರೆ ತಲೆಗೆ ಬರುವುದು 21 ಗ್ರಾಂ. ಅರ್ಧ ಖಾಲಿ ಓಡಿದರೂ 42 ಗ್ರಾಂ.

ಹೋಲಿಕೆಗೆ ಬ್ರಿಟನ್ ಸರ್ಕಾರದ 2022ರ ಅಂಕಿ ನೋಡಿ. ಒಬ್ಬ ಪ್ರಯಾಣಿಕ ಒಂದು ಕಿ.ಮೀ. ಹೋಗಲು ದೇಶದೊಳಗಿನ ವಿಮಾನ ಹೊರಹಾಕುವುದು ಸುಮಾರು 246 ಗ್ರಾಂ, ಒಬ್ಬರೇ ಕೂತ ಪೆಟ್ರೋಲ್ ಕಾರು 170 ಗ್ರಾಂ, ರೈಲು 35 ಗ್ರಾಂ. ವಿಮಾನದ ಅಂಕಿಯಲ್ಲಿ, ಎತ್ತರದಲ್ಲಿ ಉಂಟಾಗುವ ಮೋಡದ ಗೆರೆಗಳಂಥ ಪರಿಣಾಮವೂ ಸೇರಿದೆ.

ಈ ದರ ಹಿಡಿದು ನಮ್ಮ ಕೋಲಾರದ ಪ್ರಯಾಣಿಕರ ಲೆಕ್ಕ ಮಾಡೋಣ. ಬಂಗಾರಪೇಟೆ–ಚೆನ್ನೈ ರೈಲಿಗೆ ಸುಮಾರು 10 ಕೆ.ಜಿ. ಬೆಂಗಳೂರು–ಚೆನ್ನೈ ವಿಮಾನದಲ್ಲಿ ಸುಮಾರು 270 ಕಿ.ಮೀ.ಗೆ 66 ಕೆ.ಜಿ. ಆ ವಿಮಾನ ಹಿಡಿಯಲು ಕೋಲಾರದಿಂದ ದೇವನಹಳ್ಳಿಗೆ ಒಬ್ಬರೇ ಕಾರಿನಲ್ಲಿ ಹೋದರೆ ಅದಕ್ಕೇ ಸುಮಾರು 12 ಕೆ.ಜಿ. ವಿಮಾನ ನೆಲ ಬಿಡುವ ಮೊದಲೇ ಇಡೀ ರೈಲು ಪ್ರಯಾಣಕ್ಕಿಂತ ಹೆಚ್ಚು ಹೊಗೆ ಬಿಟ್ಟಾಗಿರುತ್ತದೆ.

ಇಷ್ಟು ಅಂತರ ಯಾಕೆ? ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಅಡ್ಡಿ ಬಹಳ ಕಡಿಮೆ. ರಸ್ತೆಯ ಮೇಲೆ ರಬ್ಬರ್ ಟೈರಿಗೆ ಎದುರಾಗುವ ಅಡ್ಡಿಯ ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಹತ್ತರಲ್ಲಿ ಒಂದು ಪಾಲು ಮಾತ್ರ. ಬೋಗಿಗಳು ಒಂದರ ಹಿಂದೆ ಒಂದು ಇರುವುದರಿಂದ ಗಾಳಿಯನ್ನು ಸೀಳುವ ಕೆಲಸ ಬಹುಪಾಲು ಮುಂದಿನ ಇಂಜಿನ್ನಿನದು. ಈಗಿನ ವಿದ್ಯುತ್ ಇಂಜಿನ್ನುಗಳು ಬ್ರೇಕ್ ಹಾಕಿದಾಗ ಸ್ವಲ್ಪ ವಿದ್ಯುತ್ತನ್ನು ತಂತಿಗೆ ಮರಳಿಸುತ್ತವೆ ಕೂಡ. ವಿಮಾನಕ್ಕಾದರೋ ತನ್ನ ಭಾರವನ್ನೆಲ್ಲ ಮೊದಲು ಮೇಲಕ್ಕೆ ಎತ್ತಿಕೊಳ್ಳಬೇಕು. ಏರುವಾಗಲೇ ಇಂಧನ ಹೆಚ್ಚು ಉರಿಯುವುದು. ಒಂದು ಗಂಟೆಯ ಹಾರಾಟದಲ್ಲಿ ಏರುವುದು, ಇಳಿಯುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಆದ್ದರಿಂದ ಚಿಕ್ಕ ದೂರದ ವಿಮಾನ ಪ್ರಯಾಣವೇ ಕಿ.ಮೀ. ಲೆಕ್ಕದಲ್ಲಿ ಅತಿ ದುಬಾರಿ.

"ಫ್ರಾನ್ಸ್ ವಿಮಾನವನ್ನೇ ನಿಷೇಧಿಸಿದೆ" – ನಿಜವೇ?

ಇದೂ ಅರ್ಧಸತ್ಯ. ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕಡೆಗೆ ದೇಶದೊಳಗಿನ ವಿಮಾನ ಬೇಡ ಎಂದು ಫ್ರಾನ್ಸ್ 2021ರಲ್ಲಿ ಕಾನೂನು ಮಾಡಿತು. 2023ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂತು. ಆದರೆ ಅದರಿಂದ ನಿಂತದ್ದು ಪ್ಯಾರಿಸ್‌ನ ಓರ್ಲಿ ವಿಮಾನ ನಿಲ್ದಾಣದಿಂದ ಬೋರ್ಡೊ, ನಾಂಟ್, ಲಿಯಾನ್ ನಗರಗಳಿಗೆ ಇದ್ದ ಮೂರು ಮಾರ್ಗ ಮಾತ್ರ. ಬೇರೆ ವಿಮಾನ ಹತ್ತಲು ಹೋಗುವವರಿಗೆ ಇರುವ ಸಂಪರ್ಕ ಹಾರಾಟಗಳಿಗೆ ನಿಷೇಧ ತಟ್ಟಲಿಲ್ಲ. ನಿಷೇಧ ಮಾಡುವ ಮೊದಲು ಅಲ್ಲಿ ವೇಗದ ರೈಲು ಇತ್ತು ಎಂಬುದನ್ನೂ ನೆನಪಿಡಬೇಕು. ಮುಳಬಾಗಿಲಿನಂತೆ ಹಳಿಯೇ ಇಲ್ಲದ ಊರಿಗೆ ಅಂಥ ನಿಯಮ ತಂದರೆ ಅದು ಪರಿಸರ ಕಾಳಜಿಯಾಗದು, ಬರಿ ತೊಂದರೆಯಾಗುತ್ತದೆ.

ಬಹಳ ಹೊತ್ತು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆಯೇ?

"ವಿಮಾನದಲ್ಲಿ ಕೂತರೆ ರಕ್ತ ಹೆಪ್ಪುಗಟ್ಟುತ್ತದೆ, ರೈಲಿನಲ್ಲಿ ಆ ಭಯವಿಲ್ಲ" ಎಂಬುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ. ವಿಮಾನವಾಗಲಿ, ರೈಲು, ಬಸ್ಸು, ಕಾರಾಗಲಿ ಇದು ಒಂದೇ. ಎರಡರಷ್ಟಾದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರಿಗೆ ಮಾತ್ರ. ಹೆದರುವ ಅಗತ್ಯವಿಲ್ಲ, ಆದರೆ ಎಚ್ಚರ ಬೇಕು.

ರೈಲಿಗೆ ಇರುವ ಅನುಕೂಲ ಏನೆಂದರೆ ಎದ್ದು ಓಡಾಡಲು ಜಾಗವಿದೆ, ಬರ್ತ್‌ನಲ್ಲಿ ಕಾಲು ಚಾಚಬಹುದು. ಇಡೀ ದಾರಿ ಒಂದೇ ಭಂಗಿಯಲ್ಲಿ ಮೊಬೈಲ್ ನೋಡುತ್ತ ಕೂತರೆ ಆ ಅನುಕೂಲ ದಕ್ಕುವುದಿಲ್ಲ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಹಿಂದೆ ಹೆಪ್ಪುಗಟ್ಟಿದ ತೊಂದರೆ ಇದ್ದವರು ಪ್ರಯಾಣಕ್ಕೆ ಮೊದಲು ವೈದ್ಯರನ್ನು ಕೇಳಬೇಕು.

ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮ. ಅಂದರೆ ಉಸಿರಿಗೆ ಸಿಗುವ ಆಮ್ಲಜನಕ ಸ್ವಲ್ಪ ಕಡಿಮೆ. ಆರೋಗ್ಯವಂತರಿಗೆ ಗೊತ್ತೇ ಆಗುವುದಿಲ್ಲ. ತೀವ್ರ ಶ್ವಾಸಕೋಶದ ಅಥವಾ ಹೃದಯದ ಕಾಯಿಲೆ ಇರುವವರಿಗೆ ಇದು ಮುಖ್ಯ. ಅವರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಯಾವುದು ಹೆಚ್ಚು ಸುರಕ್ಷಿತ?

2023ರ ಜೂನ್‌ನಲ್ಲಿ ಒಡಿಶಾದ ಬಾಲಸೋರ್ ರೈಲು ದುರಂತವಾದಾಗ "ರೈಲು ಹತ್ತಬೇಡಿ" ಎನ್ನುವ ಮಾತು ಹರಡಿತು. 2025ರ ಜೂನ್‌ನಲ್ಲಿ ಅಹಮದಾಬಾದ್ ವಿಮಾನ ದುರಂತವಾದಾಗ "ವಿಮಾನ ಹತ್ತಬೇಡಿ" ಎನ್ನುವ ಮಾತು. ಎರಡೂ ದುರಂತಗಳು ಮನಸ್ಸು ಕಲಕುವಂಥವು. ಆದರೆ ಅವು ಅಪರೂಪವಾದ್ದರಿಂದಲೇ ದೇಶವೆಲ್ಲ ಸುದ್ದಿಯಾಗುತ್ತವೆ.

ದಿನವೂ ಆಗುವುದು ಸುದ್ದಿಯಾಗುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು. ರೈಲು, ವಿಮಾನ ಎರಡೂ ರಸ್ತೆಗಿಂತ ಎಷ್ಟೋ ಸುರಕ್ಷಿತ. ಕೋಲಾರದಿಂದ ಮುಂಜಾನೆಯ ವಿಮಾನ ಹಿಡಿಯುವವರ ಪ್ರಯಾಣದಲ್ಲಿ ಅತಿ ಅಪಾಯದ ಭಾಗ ಆಕಾಶದಲ್ಲಿಲ್ಲ. ಅದು ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನ ಚಾಲಕನೊಂದಿಗೆ ಸಾಗುವ ಆ 70 ಕಿ.ಮೀ. ರಸ್ತೆ. ಅಂಥ ಹೊತ್ತಿನ ವಿಮಾನವೇ ಬೇಕಾದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯುವುದು, ಇಲ್ಲವೇ ಚೆನ್ನಾಗಿ ನಿದ್ದೆ ಮಾಡಿದ ಚಾಲಕರನ್ನು ಗೊತ್ತುಮಾಡುವುದು ಒಳ್ಳೆಯದು.

ಹಾಗಾದರೆ ವಿಮಾನ ಯಾವಾಗ ಸರಿ?

ದೂರ ಹೆಚ್ಚಿದಂತೆ ಲೆಕ್ಕ ಬದಲಾಗುತ್ತದೆ. ದೆಹಲಿಗೆ ರಾಜಧಾನಿ ಎಕ್ಸ್‌ಪ್ರೆಸ್‌ನಲ್ಲೂ ಒಂದೂವರೆ ದಿನದ ಹತ್ತಿರ ಹಿಡಿಯುತ್ತದೆ. ಹಾರಾಟ ಮೂರು ಗಂಟೆಯೊಳಗೆ ಮುಗಿಯುತ್ತದೆ. ಮನೆಯಿಂದ ಮನೆಗೆ ಎಣಿಸಿದರೂ ವಿಮಾನ ಒಂದು ಇಡೀ ದಿನ ಉಳಿಸುತ್ತದೆ. ಸಂದರ್ಶನಕ್ಕೆ ಹೋಗುವ ಹುಡುಗಿಗೆ, ಎರಡೇ ದಿನ ರಜೆ ಸಿಕ್ಕ ಯೋಧನಿಗೆ, ಮಣ್ಣಿಗೆ ಹೋಗಬೇಕಾದವರಿಗೆ ಆ ಒಂದು ದಿನದ ಬೆಲೆ ದೊಡ್ಡದು. ಮೊದಲ ಸಲ ವಿಮಾನ ಹತ್ತಬೇಕೆಂಬ ಅಪ್ಪ ಅಮ್ಮನ ಆಸೆಯೂ ತಪ್ಪಲ್ಲ.

ನಡುವಿನ ದೂರಕ್ಕೆ, ಉದಾಹರಣೆಗೆ ಹೈದರಾಬಾದಿಗೆ, ರಾತ್ರಿ ರೈಲು ಒಳ್ಳೆಯ ದಾರಿ. ರೈಲಿನಲ್ಲಿ ಹತ್ತು ಹನ್ನೆರಡು ಗಂಟೆ ಕಳೆದರೂ ಅದರಲ್ಲಿ ಏಳೆಂಟು ಗಂಟೆ ನೀವು ಹೇಗೂ ಮಲಗಿರುತ್ತೀರಿ. ಹಗಲು ಕೈತಪ್ಪುವುದಿಲ್ಲ, ಒಂದು ರಾತ್ರಿಯ ಲಾಡ್ಜ್ ಖರ್ಚೂ ಉಳಿಯುತ್ತದೆ.

ಒಟ್ಟಿನಲ್ಲಿ ಕೋಲಾರ ಜಿಲ್ಲೆಯವರಿಗೆ ಹೀಗೆ ನೆನಪಿಡಬಹುದು: 300–400 ಕಿ.ಮೀ. ಒಳಗೆ ರೈಲು ಅಥವಾ ಬಸ್ಸು. ಒಂದು ರಾತ್ರಿಯ ದೂರಕ್ಕೆ ಮಲಗುವ ರೈಲು. ಅದಕ್ಕೂ ಮೀರಿದರೆ, ಕೆಲಸ ಅವಸರದ್ದಾದರೆ, ವಿಮಾನ.

ಫಾರ್ವರ್ಡ್ ಮಾಡುವ ಮುನ್ನ

ಎರಡು ಪ್ರಯಾಣಗಳನ್ನು ಹೋಲಿಸುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಸಮಯವನ್ನು ಎಲ್ಲಿಂದ ಎಲ್ಲಿಗೆ ಎಣಿಸಿದ್ದಾರೆ? ದರ ಯಾವ ದಿನದ್ದು, ಟ್ಯಾಕ್ಸಿ ಸೇರಿದೆಯೇ? ಇದು ಬೆಂಗಳೂರಿನವರ ಲೆಕ್ಕವೋ ನಮ್ಮ ಊರಿನದೋ?

ರೈಲಿನ ಸಮಯ, ನಿಲುಗಡೆಗಳು ಬದಲಾಗುತ್ತಿರುತ್ತವೆ. ಹೊರಡುವ ಮೊದಲು 139ಕ್ಕೆ ಕರೆ ಮಾಡಿ ಅಥವಾ ರೈಲ್ವೆಯ ಅಧಿಕೃತ ಆ್ಯಪ್‌ನಲ್ಲಿ ನೋಡಿ. ನಿಮ್ಮ ರೈಲು ಹತ್ತುವ ನಿಲ್ದಾಣಕ್ಕೆ ಮೂರು ಗಂಟೆಗಿಂತ ತಡವಾಗಿ ಬರುವುದಿದ್ದು, ನೀವು ಪ್ರಯಾಣ ಕೈಬಿಟ್ಟರೆ, ರೈಲು ಹೊರಡುವ ಮೊದಲೇ ಅರ್ಜಿ ಹಾಕಿ ಪೂರ್ತಿ ಹಣ ವಾಪಸ್ ಪಡೆಯಬಹುದು.

ಈ ಲೇಖನದಲ್ಲಿ ಒಂದನ್ನೇ ಹಂಚಿಕೊಳ್ಳುವುದಾದರೆ ರೋಗಿಗಳ ರಿಯಾಯಿತಿಯ ಭಾಗವನ್ನು ಹಂಚಿಕೊಳ್ಳಿ. ನಿಮ್ಮ ಗುಂಪಿನಲ್ಲಿ ಯಾರೋ ಒಬ್ಬರು ಮುಂದಿನ ವಾರ ವೆಲ್ಲೂರಿಗೆ ಪೂರ್ತಿ ದರದ ಟಿಕೆಟ್ ಕೊಳ್ಳುವುದರಲ್ಲಿರಬಹುದು.